ಅಳಾಕೊಂದು ನಾಟಕ

ನಾನು ನೋಡಿದ ಮೊದಲ ಏಡ್ಸ್ ನಾಟಕದಲ್ಲಿ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ.

2002ನೇ ಇಸವಿ, ನಾನಾಗ ಒಂಬತ್ತನೇ ಕ್ಲಾಸು. ರಬಕವಿ-ಬನಹಟ್ಟಿಯಿಂದ ಸ್ವಲ್ಪ ಒಳಗೆ ನಮ್ಮೂರು. ಸಂಜೆ ಕರೆಂಟ್ ಹೋಗಿತ್ತು, ಹಾಗಾಗಿ ಪಾವರ್‌ಲೂಮ್ ಸಪ್ಪಳವೂ ನಿಂತಿತ್ತು. ಹಣಮಪ್ಪನ ಗುಡಿ ಮುಂದೆ ಒಂದು ಜೀಪು ಬಂದು ನಿಲ್ತು. ಹಲಗಿ, ಹಾರ್ಮೋನಿಯಂ, ಬ್ಯಾಟರಿ ಮೈಕು, ಏಳೆಂಟು ಮಂದಿ ಕಲಾವಿದರು. ಹಲಗಿ ಬಾರಿಸಿದ ಐದೇ ನಿಮಿಷಕ್ಕೆ ಅರ್ಧ ಊರು ಕಟ್ಟೆ ಸುತ್ತ ಸೇರಿತ್ತು.

ಕಥೆ ನಿಮಗೂ ಗೊತ್ತಿರುತ್ತೆ. ಒಬ್ಬ ಲಾರಿ ಡ್ರೈವರ್. ಧಾಬಾ ಹತ್ತಿರ ಸೀರೆ ಉಟ್ಟು, ತುಟಿಗೆ ಕೆಂಪು ಮೆತ್ತಿಕೊಂಡ ಒಬ್ಬ ಗಂಡಸು, ಅಂದರೆ ‘ಆ ಹೆಂಗಸು’. ಆಮೇಲೆ ಕೆಮ್ಮು, ಡಾಕ್ಟರು, ಡಾಕ್ಟರ ಬಾಯಲ್ಲಿ ರೋಗ ಹರಡುವ ನಾಲ್ಕು ದಾರಿಗಳ ಪಟ್ಟಿ. ಕೊನೆಗೆ ದೊಡ್ಡಾಟದ ಕಿರೀಟ ಹಾಕ್ಕೊಂಡು, ಮುಖಕ್ಕೆ ಮಸಿ ಬಳ್ಕೊಂಡು, ಎದೆ ಮೇಲೆ ತಲೆಬುರುಡೆಯ ಚಿತ್ರ ಅಂಟಿಸ್ಕೊಂಡು ಏಡ್ಸ್ ರಾಕ್ಷಸ ಬಂದ. ಡ್ರೈವರ್ ನಾಲಿಗೆ ಹೊರಗೆ ಹಾಕಿ ಸತ್ತ. ನಾಲ್ಕು ಮಂದಿ ಎತ್ತಿಕೊಂಡು ಹೊರಟಾಗ ಅವನ ಲುಂಗಿ ಜಾರಿತು. ಜನ ಬಿದ್ದು ಬಿದ್ದು ನಕ್ಕರು. ರಾಕ್ಷಸ ನಮ್ಮ ಕಡೆ ಬೆರಳು ತೋರಿಸಿ ಮುಂದಿನವ ಯಾರು ಅಂತ ಗುಡುಗಿದ. ನಾವು ಹುಡುಗರು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಾ ‘ಇವ, ಇವ’ ಅಂತ ಕೂಗಿದೆವು.

ಮನೆಗೆ ಬಂದೆ. ಹಿತ್ತಲ ಕೋಣೆಯಲ್ಲಿ ಮಾವ ಮಲಗಿದ್ದ. ಅವ್ವನ ತಮ್ಮ. ಲಾರಿ ಓಡಿಸ್ತಿದ್ದ, ಮೈಯಲ್ಲಿ ಆರಾಮಿಲ್ಲ ಅಂತ ಕೆಲ ತಿಂಗಳಿಂದ ಅತ್ತಿ ಜೊತೆ ನಮ್ಮಲ್ಲೇ ಇದ್ದ. ಗುಡಿಗೂ ನಮ್ಮ ಮನೆಗೂ ನಡುವೆ ಎರಡೇ ಮನೆ. ಮೈಕಿನ ಮಾತು ಪೂರ್ತಿ ಕೇಳಿಸಿರುತ್ತೆ ಅಂತ ಆಗ ನನಗೆ ಹೊಳೆಯಲೇ ಇಲ್ಲ.

“ನಾಟಕ ಛಲೋ ಇತ್ತೇನೋ?” ಅಂತ ಕೇಳಿದ.

“ಭಾಳ ಛಲೋ ಇತ್ತ ಮಾವ. ಡ್ರೈವರ್ ಸತ್ತದ್ದು ನೀ ನೋಡಬೇಕಿತ್ತ.”

“ಹೌದೇನ?” ಅಂದ. ಗ್ವಾಡಿ ಕಡೆ ತಿರುಗಿ ಮಲಗಿದ.

2003ರಲ್ಲಿ ಮಾವ ತೀರಿಕೊಂಡ. ಕಾಮಾಲಿ ಅಂದರು. ಅದು ಕಾಮಾಲಿ ಅಲ್ಲ ಅಂತ ನನಗೆ ತಿಳಿದದ್ದು ಬಿಇ ಎರಡನೇ ವರ್ಷದಲ್ಲಿ, ಅದೂ ಅಡುಗೆಮನೆಯಲ್ಲಿ ಅವ್ವ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿದ್ದು.

ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ ಅಂದರೆ, ನಾನು ನೋಡಿದ ಎರಡನೇ ಏಡ್ಸ್ ನಾಟಕದ ಬಗ್ಗೆ ಬರೆಯಬೇಕಿದೆ. ಮೊದಲನೆಯದನ್ನು ಹೇಳದೆ ಎರಡನೆಯದನ್ನು ಹೇಳೋಕೆ ಆಗಲ್ಲ.

*

2017ರಲ್ಲಿ ಆಫೀಸಿನ ಕೆಲಸದ ಮೇಲೆ ಆರು ತಿಂಗಳು ಅಮೆರಿಕದ ಒಂದು ಸಣ್ಣ ಊರಿನಲ್ಲಿದ್ದೆ. ವಾರಾಂತ್ಯ ಬಂದರೆ ಮಾಡಲು ಏನೂ ಇರದಂಥ ಊರು. ಅಲ್ಲೊಂದು ಕಮ್ಯುನಿಟಿ ಥಿಯೇಟರ್ ಇತ್ತು. ಹೆಸರು ಕೇಳಿ ದೊಡ್ಡದೇನೋ ಅಂದ್ಕೋಬೇಡಿ. ನಮ್ಮಲ್ಲಿ ಜಾತ್ರೆಗೆ ಊರ ಹುಡುಗರು ಮೂರು ತಿಂಗಳು ತಾಲೀಮು ಮಾಡಿ ನಾಟಕ ಆಡ್ತಾರಲ್ಲ, ಅದೇ ಇದು. ಔಷಧಿ ಅಂಗಡಿಯವ, ಶಾಲೆ ಟೀಚರ್, ರಿಟೈರ್ ಆದ ಪೋಸ್ಟ್‌ಮ್ಯಾನ್ ಎಲ್ಲ ಸೇರಿ ಬಣ್ಣ ಹಚ್ಚುತ್ತಾರೆ. ತೊಂಬತ್ತು ಕುರ್ಚಿಯ ಹಳೇ ಗೋದಾಮು.

ನಾಟಕದ ಹೆಸರು ‘ಎಲಿಜೀಸ್ ಫಾರ್ ಏಂಜಲ್ಸ್, ಪಂಕ್ಸ್ ಅಂಡ್ ರೇಜಿಂಗ್ ಕ್ವೀನ್ಸ್’. ಬರೆದವನು ಬಿಲ್ ರಸೆಲ್, ಸಂಗೀತ ಜ್ಯಾನೆಟ್ ಹುಡ್ ಅವರದು. 1989ರ ಹೊತ್ತಿನ ಕೃತಿ. ಇದಕ್ಕೆ ಎರಡು ಬೇರು. ಒಂದು, ಎಡ್ಗರ್ ಲೀ ಮಾಸ್ಟರ್ಸ್ 1915ರಲ್ಲಿ ತಂದ ‘ಸ್ಪೂನ್ ರಿವರ್ ಆಂಥಾಲಜಿ’ ಅನ್ನೋ ಕವನ ಸಂಕಲನ. ಒಂದು ಊರಿನ ಸ್ಮಶಾನದಲ್ಲಿ ಮಲಗಿರುವವರು ಒಬ್ಬೊಬ್ಬರಾಗಿ ತಮ್ಮ ಬದುಕಿನ ನಿಜ ಹೇಳುವ ಪುಸ್ತಕ ಅದು. ಇನ್ನೊಂದು ಬೇರು, ಒಂದು ಕೌದಿ.

ಹೌದು, ಕೌದಿಯೇ. 1980ರ ದಶಕದಲ್ಲಿ ಏಡ್ಸ್‌ನಿಂದ ಸತ್ತ ಎಷ್ಟೋ ಜನರನ್ನು ಅಮೆರಿಕದಲ್ಲೂ ಮನೆಯವರು ಒಪ್ಪಿಕೊಳ್ಳಲಿಲ್ಲ, ಕೆಲವು ಕಡೆ ಹೂಳುವವರೂ ಮುಟ್ಟಲಿಲ್ಲ. ಆಗ ಸ್ಯಾನ್ ಫ್ರಾನ್ಸಿಸ್ಕೋದ ಕ್ಲೀವ್ ಜೋನ್ಸ್ ಮತ್ತವನ ಗೆಳೆಯರು ಸತ್ತವರ ಹೆಸರನ್ನು ಬಟ್ಟೆಯ ಮೇಲೆ ಹೊಲಿಯಲು ಶುರು ಮಾಡಿದರು. ಒಬ್ಬರಿಗೆ ಒಂದು ತುಂಡು, ಅಳತೆ ಮೂರಡಿ ಅಗಲ ಆರಡಿ ಉದ್ದ. ಅಂದರೆ ಒಂದು ಗೋರಿಯಷ್ಟು ಜಾಗ. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಮೈದಾನದಲ್ಲಿ ಅದನ್ನು ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು. ಈಗ ಸುಮಾರು 50,000. ಆ ಕೌದಿಯನ್ನು ನೋಡಿ ರಸೆಲ್ ಈ ನಾಟಕ ಬರೆದ.

ರಂಗದ ಮೇಲೆ ನಡೆಯೋದು ಇಷ್ಟೇ. ಒಬ್ಬರು ಬರ್ತಾರೆ, ತಾವು ಯಾರಾಗಿದ್ದೆವು ಅಂತ ಪದ್ಯದ ಲಯದಲ್ಲಿ ಹೇಳ್ತಾರೆ, ಸುಮ್ಮನಾಗ್ತಾರೆ. ಮುಂದಿನವರು ಬರ್ತಾರೆ. ಹೀಗೆ ಮೂವತ್ತಕ್ಕೂ ಹೆಚ್ಚು ಮಂದಿ. ನಡುನಡುವೆ ಪಿಯಾನೋ ಜೊತೆಗೆ ಹಾಡು. ಮಾತೆಲ್ಲ ಸತ್ತವರದು, ಹಾಡು ಉಳಿದವರದು. ಕಥೆ ಇಲ್ಲ, ಸೀನು ಬದಲಾಗಲ್ಲ.

ಪ್ರಾಮಾಣಿಕವಾಗಿ ಹೇಳ್ತೀನಿ, ಇದು ದೊಡ್ಡ ನಾಟಕ ಅಲ್ಲ. ಸತ್ತವರ ಪಟ್ಟಿ ನೋಡಿದರೆ ಎಲ್ಲ ನಮೂನೆಯವರೂ ಒಬ್ಬೊಬ್ಬರು ಇರಲಿ ಅಂತ ಲೆಕ್ಕ ಹಾಕಿ ಬರೆದಂತಿದೆ. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವ ಒಬ್ಬ, ಆಸ್ಪತ್ರೆಯಲ್ಲಿ ರಕ್ತ ಕೊಡಿಸಿಕೊಂಡು ರೋಗ ಅಂಟಿಸಿಕೊಂಡವರು ಒಬ್ಬರು, ಸೀರಿಂಜು ಹಂಚಿಕೊಂಡವ ಒಬ್ಬ. ನಡುವೆ ಅರ್ಧ ಗಂಟೆ ಎಳೆದಂತಾಯ್ತು. ಕೆಲವು ಪದ್ಯ ಬರೀ ಪ್ರಾಸಕ್ಕಾಗಿ ಓಡುತ್ತೆ. ಒಂದೆರಡು ಹಾಡು ಶುಭಾಶಯದ ಕಾರ್ಡಿನಲ್ಲಿ ಇರುವಂಥವು. ಅವತ್ತಿನ ಪ್ರಯೋಗದಲ್ಲಿ ಇಬ್ಬರು ಮಾತು ಮರೆತರು, ಒಬ್ಬಾಕೆಗೆ ಪಿಯಾನೋದವರೇ ನೆನಪು ಮಾಡಿ ಕೊಟ್ಟರು.

ಆದರೂ ಆ ಔಷಧಿ ಅಂಗಡಿಯವನ ಪಾತ್ರ ಮುಗಿಯುವ ಹೊತ್ತಿಗೆ ನನ್ನ ಗಂಟಲು ಕಟ್ಟಿತ್ತು. ಯಾಕೆ?

ಮೊದಲನೇ ಕಾರಣ, ಈ ನಾಟಕದಲ್ಲಿ ಸತ್ತವರು ರೋಗದ ಬಗ್ಗೆ ಬಹಳ ಕಡಿಮೆ ಮಾತಾಡ್ತಾರೆ. ಹೇಗೆ ಬಂತು ಅನ್ನೋದಕ್ಕೆ ಒಂದು ಸಾಲು, ಕೆಲವರಿಗೆ ಅದೂ ಇಲ್ಲ. ಉಳಿದದ್ದೆಲ್ಲ ಅವರ ಹಟ, ಚಟ, ಜಂಬ, ಪ್ರೀತಿ. ಇನ್ನು ಹೆಚ್ಚು ದಿನ ಇಲ್ಲ ಅಂತ ಗೊತ್ತಾದ ಒಬ್ಬಾಕೆ ಇದ್ದಬದ್ದ ಕ್ರೆಡಿಟ್ ಕಾರ್ಡನ್ನೆಲ್ಲ ಉಜ್ಜಿ ಶಾಪಿಂಗ್ ಮಾಡ್ತಾಳೆ. ಪ್ರೇಕ್ಷಕರು ಅಲ್ಲೂ ನಕ್ಕರು. ಆದರೆ ನಮ್ಮೂರ ಕಟ್ಟೆಯ ಮೇಲೆ ಸತ್ತವನನ್ನು ನೋಡಿ ನಗುತ್ತಿದ್ದೆವು, ಇಲ್ಲಿ ಸತ್ತವಳ ಜೊತೆ ನಕ್ಕೆವು.

ಎರಡನೇ ಕಾರಣ, ಪಾತ್ರ ಮಾಡಿದವರು ಅದೇ ಊರಿನವರು. ಅವನು ನಾಳೆ ಬೆಳಿಗ್ಗೆ ಅಂಗಡಿ ತೆಗೆದು ಇದೇ ಜನಕ್ಕೆ ಜ್ವರದ ಗುಳಿಗೆ ಕೊಡುವವ. ಅಂಥವನು ಊರ ಮಂದಿ ಮುಂದೆ ನಿಂತು ‘ನಾನು ಏಡ್ಸ್‌ನಿಂದ ಸತ್ತೆ’ ಅಂತ ಮೊದಲ ಪುರುಷದಲ್ಲಿ ಹೇಳ್ತಾನೆ. ನುರಿತ ನಟ ಹೇಳಿದ್ದರೆ ಅಭಿನಯ ಚೆನ್ನಾಗಿತ್ತು ಅಂತ ಎದ್ದು ಬರ್ತಿದ್ದೆ. ಇವನು ತನ್ನ ಊರಿನಲ್ಲಿ ತನಗಿರುವ ಮರ್ಯಾದೆಯನ್ನು ಸತ್ತವನಿಗೆ ಎರಡು ನಿಮಿಷ ಕಡ ಕೊಟ್ಟಹಾಗಿತ್ತು.

ಹೊರಗೆ ಬರುವ ಬಾಗಿಲ ಹತ್ತಿರ ಒಂದು ಬಿಳಿ ಬಟ್ಟೆ ಕಟ್ಟಿದ್ದರು. ಕಳಕೊಂಡವರ ಹೆಸರಿದ್ದರೆ ಬರೆಯಿರಿ ಅಂತ ಪೆನ್ನು ಇಟ್ಟಿದ್ದರು. ನಾನು ಮಾವನ ಹೆಸರು ಬರೆದೆ. ಕನ್ನಡದಲ್ಲಿ ಬರೆದೆ. ಭಾಷಾಭಿಮಾನ ಅಂತ ತಿಳ್ಕೋಬೇಡಿ, ಅಲ್ಲಿ ಯಾರಿಗೂ ಓದಕ್ಕೆ ಬರಲ್ಲ ಅನ್ನೋ ಧೈರ್ಯ ಅಷ್ಟೇ.

*

ರೂಮಿಗೆ ಬಂದ ಮೇಲೆ ಎರಡೂ ನಾಟಕಗಳನ್ನು ಪಕ್ಕಪಕ್ಕ ಇಟ್ಟು ಯೋಚಿಸಿದೆ. ಸಾಫ್ಟ್‌ವೇರ್‌ನಲ್ಲಿ ನಾವು ಯಾವುದನ್ನೇ ಕಟ್ಟುವ ಮೊದಲು ಕೇಳುವ ಪ್ರಶ್ನೆ, ಇದನ್ನು ಬಳಸುವವರು ಯಾರು? ಬೀದಿ ನಾಟಕಕ್ಕೆ ಈ ಪ್ರಶ್ನೆ ಹಾಕಿದರೆ ಉತ್ತರ ಸ್ಪಷ್ಟ. ಅದು ಇನ್ನೂ ಸೋಂಕು ತಗಲದವರಿಗಾಗಿ ಬರೆದ ನಾಟಕ. ಎದುರಿಗೆ ಕೂತವರಲ್ಲಿ ರೋಗ ಇದ್ದವರಿಲ್ಲ, ಅವರ ಹೆಂಡತಿಯರಿಲ್ಲ, ಅಕ್ಕಂದಿರಿಲ್ಲ ಅಂತ ಗ್ರಹಿಸಿಯೇ ಅದರ ಪ್ರತಿ ಸಾಲೂ ಇದೆ.

ಆದರೆ ಎದುರಿಗೆ ಇದ್ದವರು ಯಾರು? 2003ರಲ್ಲಿ ಬಾಗಲಕೋಟೆ ಜಿಲ್ಲೆಯ ಜನಸಾಮಾನ್ಯರಲ್ಲಿ ರಕ್ತಪರೀಕ್ಷೆ ಮಾಡಿ ನಡೆಸಿದ ಒಂದು ಅಧ್ಯಯನದಲ್ಲಿ ನೂರು ವಯಸ್ಕರಲ್ಲಿ ಸುಮಾರು ಮೂವರಿಗೆ ಎಚ್‌ಐವಿ ಇತ್ತು. ಇಡೀ ದೇಶದ ಲೆಕ್ಕ ನೂರಕ್ಕೆ ಒಂದಕ್ಕಿಂತ ಕಡಿಮೆ ಇದ್ದ ಕಾಲ ಅದು. ಕಟ್ಟೆ ಸುತ್ತ ಇನ್ನೂರು ಮಂದಿ ದೊಡ್ಡವರು ಸೇರಿದ್ದರೆ, ಆ ಸರಾಸರಿಯ ಪ್ರಕಾರ ಅವರಲ್ಲಿ ಆರು ಮಂದಿ ತಮ್ಮ ಸಾವಿನ ಪ್ರಹಸನವನ್ನೇ ನೋಡುತ್ತಾ ನಿಂತಿದ್ದರು. ಜೊತೆಗೆ, ಎರಡು ಮನೆ ಆಚೆ ಮಲಗಿ ಕೇಳಿಸಿಕೊಂಡವನು ಒಬ್ಬ.

ನಮ್ಮ ಕಡೆಗೇ ಯಾಕೆ ಅಷ್ಟು ಅಂತ ಪಂಡಿತರು ಹಲವು ಕಾರಣ ಹೇಳ್ತಾರೆ. ಮುಧೋಳ, ಜಮಖಂಡಿ ಕಡೆಯ ಬಡ ಮನೆಗಳಲ್ಲಿ ದೇವದಾಸಿ ಪದ್ಧತಿ 1982ರ ಕಾಯ್ದೆ ಬಂದ ಮೇಲೂ ಕದ್ದುಮುಚ್ಚಿ ನಡೆದಿತ್ತು. ಸಾಂಗ್ಲಿ, ಪುಣೆ, ಮುಂಬೈಗೆ ಹೆಣ್ಣುಮಕ್ಕಳು ಹೋದರು, ಅದೇ ದಾರಿಯಲ್ಲಿ ರೋಗ ಹೊತ್ತು ವಾಪಸ್ ಬಂದರು. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಹೊಲ ಕಳಕೊಂಡವರು, ಮಳೆ ಕೈಕೊಟ್ಟವರು ಗೋವಾಕ್ಕೆ ದುಡಿಯಲು ಹೋದರು. ಮಹಾಲಿಂಗಪುರದ ಬೆಲ್ಲ ಹೇರಿಕೊಂಡು ಲಾರಿಗಳು ಗುಜರಾತಿಗೆ ಹೋದವು. ಇದೆಲ್ಲ ನಿಜ. ಆದರೆ ಇದೆಲ್ಲ ಎಲ್ಲಿಂದ ಬಂತು ಅನ್ನೋ ಪ್ರಶ್ನೆಗೆ ಉತ್ತರ. ಹೋದವರು ಯಾರು ಅನ್ನೋ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಬೀದಿ ನಾಟಕದವರನ್ನು ಬೈಯೋದು ನನ್ನ ಉದ್ದೇಶ ಅಲ್ಲ. ಅವರು ಹೊಟ್ಟೆಪಾಡಿನ ಕಲಾವಿದರು. ಬರೆದು ಕೊಟ್ಟದ್ದನ್ನು ಅರ್ಧ ಗಂಟೆಯಲ್ಲಿ ಆಡಿ, ಒಂದು ಸಹಿ ಹಾಕಿಸಿಕೊಂಡು, ಮುಂದಿನ ಊರಿಗೆ ಹೋಗಬೇಕು. ಕಾಂಡೋಮ್ ಅನ್ನೋ ಪದವನ್ನು ಹಣಮಪ್ಪನ ಗುಡಿ ಮುಂದೆ ಮೈಕಿನಲ್ಲಿ ಹೇಳೋಕೆ ಎಷ್ಟು ಎದೆಗಾರಿಕೆ ಬೇಕು ಅಂತ ಊರಲ್ಲಿ ಹುಟ್ಟಿದವರಿಗೆ ಗೊತ್ತು. ಆ ನಾಟಕಗಳಿಂದ ಎಷ್ಟೋ ಜೀವ ಉಳಿದಿರಬಹುದು. ಬರಬರುತ್ತಾ ತಲೆಬುರುಡೆ ಹೋಗಿ ಕೆಂಪು ರಿಬ್ಬನ್ನೂ ಬಂತು. ನನ್ನ ತಕರಾರು ಬೇರೆ. ಬದುಕಿರುವವರನ್ನು ಎಚ್ಚರಿಸಲು ನಾವು ಸಾವಿರಾರು ಪ್ರದರ್ಶನ ಮಾಡಿದೆವು. ಸತ್ತವರಿಗೆ ಅಂತ ಒಂದಾದರೂ ನಾಟಕ ಆಡಿದ್ದನ್ನು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ನಾನು ನೋಡಿಲ್ಲ.

ಅದೂ ಎಂಥ ನೆಲದಲ್ಲಿ! ರಾತ್ರಿಯಿಡೀ ಪಾರಿಜಾತ ನೋಡುವ ಜನ ನಾವು. ಲೋಕಾಪುರದ ಕಡೆಯ ಕಲಾವಿದರು ಬಂದರೆ ಚಳಿಯಲ್ಲಿ ಕಂಬಳಿ ಹೊದ್ದು ಬೆಳಗಿನವರೆಗೆ ಕೂರುವವರು. ಸತ್ತವರನ್ನು ಹಾಡುವ ವಿದ್ಯೆಯೂ ನಮಗೆ ಬರದ್ದಲ್ಲ. ಮೊಹರಮ್ ಬಂದರೆ ನಮ್ಮೂರಲ್ಲಿ ರಿವಾಯತ್ ಪದ ಹಾಡ್ತಾರೆ. ಹಾಡುವವರಲ್ಲಿ ಲಿಂಗಾಯತರು, ಕುರುಬರು, ಮುಸಲ್ಮಾನರು ಎಲ್ಲ ಇರ್ತಾರೆ. ಕರ್ಬಲಾ ಎಲ್ಲಿದೆ ಅಂತ ಮ್ಯಾಪಿನಲ್ಲಿ ತೋರಿಸೋಕೆ ಬರದಿದ್ದರೂ, ಮದುವೆಯ ಬೆನ್ನಿಗೇ ಯುದ್ಧಕ್ಕೆ ಹೋಗಿ ಸತ್ತ ಖಾಸಿಮನ ಪದ ಬಂದಾಗ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಮಾವ ಸತ್ತ ಮರುವರ್ಷದ ಮೊಹರಮ್‌ನಲ್ಲಿ ಅತ್ತಿ ಆ ಪದ ಕೇಳಿ ಅತ್ತದ್ದು ನನಗೆ ನೆನಪಿದೆ. ಮಾವ ಸತ್ತ ದಿನ ಆಕೆ ಅತ್ತದ್ದು ನೆನಪಿಲ್ಲ. ಅವತ್ತು ಜನ ಹೆಣಕ್ಕಿಂತ ಆಕೆಯನ್ನೇ ಹೆಚ್ಚು ನೋಡುತ್ತಿದ್ದರು, ಈಕೆಗೂ ಇದೆಯೋ ಏನೋ ಅಂತ.

ಇನ್ನೂ ಹಿಂದೆ ಹೋಗೋಣ. ಮುಧೋಳದಲ್ಲಿ ಹುಟ್ಟಿದ ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆಯುವ ಭಾಗ ಇದೆಯಲ್ಲ, ಪಿಯುಸಿಯಲ್ಲೋ ಡಿಗ್ರಿಯಲ್ಲೋ ನೀವೂ ಓದಿರ್ತೀರಿ. ದ್ರೋಣ, ಲಕ್ಷಣಕುಮಾರ, ದುಶ್ಶಾಸನ, ಕರ್ಣ, ಒಂದೊಂದೇ ಹೆಣದ ಮುಂದೆ ನಿಲ್ಲುತ್ತಾನೆ. ಹೆಸರು ಹಿಡಿದು, ಜೀವ ಇದ್ದವರ ಜೊತೆ ಮಾತಾಡುವ ಹಾಗೆ ಮಾತಾಡುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಮುಂದೂ ನಿಂತು ಕೈ ಮುಗಿಯುತ್ತಾನೆ. ಬಿ.ಎಂ.ಶ್ರೀ. 1926ರಲ್ಲೇ ಅದನ್ನು ನಾಟಕ ಮಾಡಿದರು. ರಸೆಲ್ ಬಟ್ಟೆಯ ಕೌದಿಯಲ್ಲಿ ಕಂಡದ್ದನ್ನು ರನ್ನ ಸಾವಿರ ವರ್ಷದ ಹಿಂದೆ ರಣದಲ್ಲಿ ಕಂಡಿದ್ದ. ಒಂದು ಹೆಣ, ಒಂದು ಹೆಸರು, ಒಂದಿಷ್ಟು ಮಾತು, ಮುಂದಕ್ಕೆ ನಡೆ. ಈ ನಡಿಗೆಯಲ್ಲಿ ಸತ್ತವನು ಒಳ್ಳೆಯವನೋ ಕೆಟ್ಟವನೋ ಅನ್ನೋ ವಿಚಾರಣೆ ಇಲ್ಲ. ಇದ್ದಿದ್ದರೆ ಆ ರಣದಲ್ಲಿ ಎಷ್ಟು ಜನರಿಗೆ ಕಣ್ಣೀರು ಸಿಗುತ್ತಿತ್ತು?

ನಮ್ಮಲ್ಲಿ ರನ್ನನ ನಡಿಗೆ ಇತ್ತು, ರಿವಾಯತ್ ಪದ ಇತ್ತು, ಯಲ್ಲಮ್ಮನ ಜೋಗತಿಯರ ಚೌಡಿಕೆ ಇತ್ತು. ಇಷ್ಟೆಲ್ಲ ಇದ್ದೂ ಏಡ್ಸ್ ನಾಟಕಕ್ಕೆ ಅಂತ ನಾವು ಎತ್ತಿಕೊಂಡದ್ದು ದೊಡ್ಡಾಟದ ರಾಕ್ಷಸನ ವೇಷ ಮಾತ್ರ.

*

ಇದನ್ನು ರಂಗಭೂಮಿಯಲ್ಲಿರುವ ಒಬ್ಬ ಗೆಳೆಯನಿಗೆ ಹೇಳಿದೆ. ಅವನು ಎರಡು ಪ್ರಶ್ನೆ ಹಾಕಿದ. ಎರಡೂ ಸರಿಯಾದ ಪ್ರಶ್ನೆಗಳೇ.

ಮೊದಲನೆಯದು, ಈಗ್ಯಾಕೆ? ಏಡ್ಸ್ ಅಂದರೆ ಸಾವು ಅನ್ನೋ ಭಯವನ್ನು ಜನರ ತಲೆಯಿಂದ ತೆಗೆಯೋಕೆ ಇಷ್ಟು ವರ್ಷ ಹಿಡಿದಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಎಆರ್‌ಟಿ ಗುಳಿಗೆ ಪುಕ್ಕಟೆ ಸಿಗುತ್ತೆ. ದಿನಾ ತಗೊಂಡರೆ ಎಲ್ಲರ ಹಾಗೆ ಕೆಲಸ, ಮದುವೆ, ಮಕ್ಕಳು. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ನಿಂತರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಇಂಥ ಹೊತ್ತಲ್ಲಿ ಸಾವಿನ ನಾಟಕ ಆಡಿದರೆ ಹಳೇ ಭಯಕ್ಕೇ ಗೊಬ್ಬರ ಹಾಕಿದಂತಲ್ಲವೇ?

ನನ್ನ ಉತ್ತರ, ಒಂದು ತಾರೀಕು. ಭಾರತದಲ್ಲಿ ಸರ್ಕಾರ ಪುಕ್ಕಟೆ ಎಆರ್‌ಟಿ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಮಾವ ಸತ್ತದ್ದು ಅದರ ಹಿಂದಿನ ವರ್ಷ. ನಾಟಕ ಈ ತಾರೀಕನ್ನು ಬಾಯಿಬಿಟ್ಟು ಹೇಳಬೇಕು. ಇವರೆಲ್ಲ ಗುಳಿಗೆ ಬರುವ ಮುಂಚೆ ಹೋದವರು, ನಿಮ್ಮ ಪಕ್ಕ ಕೂತವರು ಗುಳಿಗೆ ನುಂಗಿ ನಾಳೆ ಮಗ್ಗಕ್ಕೆ ಹೋಗುವವರು. ಸತ್ತವರನ್ನು ಕಾಲದಲ್ಲಿ ಸರಿಯಾದ ಜಾಗಕ್ಕೆ ಇಟ್ಟರೆ, ಬದುಕಿರುವವರ ಮೇಲೆ ಅವರ ನೆರಳು ಬೀಳೋದು ಕಮ್ಮಿಯಾಗುತ್ತೆ. ಅಮೆರಿಕದ ಆ ಊರಿನವರೂ 1989ರ ನಾಟಕವನ್ನು 2017ರಲ್ಲಿ ಆಡಿದ್ದು ಭಯ ಹುಟ್ಟಿಸೋಕಲ್ಲ. ಅಳೋದು ಬಾಕಿ ಇತ್ತು, ಅದಕ್ಕೆ.

ಎರಡನೇ ಪ್ರಶ್ನೆ ಕಷ್ಟದ್ದು. ಹೆಸರು ಹೇಗೆ ಹೇಳ್ತೀಯ? ಎಚ್‌ಐವಿ ಬಗ್ಗೆ 2017ರಲ್ಲಿ ಆದ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಬ್ಬರಿಗೆ ಸೋಂಕು ಇದೆ ಅನ್ನೋದನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡುವ ಹಾಗಿಲ್ಲ. ಕಾಯ್ದೆ ಇರಲಿ, ಊರಿದೆಯಲ್ಲ. ಸತ್ತವನ ಹೆಸರು ಹೇಳಿದರೆ ಅವನ ಹೆಂಡತಿ ಮತ್ತೆ ಊರ ಕಣ್ಣಿಗೆ ಬೀಳ್ತಾಳೆ, ಮಗಳ ಸಂಬಂಧ ಮುರೀತದೆ. ಹೆಸರಿಲ್ಲದೆ ನೆನಪಿಲ್ಲ, ಹೆಸರು ಹೇಳಿದರೆ ಬದುಕಿದವರಿಗೆ ಉಳಿಗಾಲ ಇಲ್ಲ.

ಇಲ್ಲೇ ನನಗೆ ನಾಟಕ ಯಾಕೆ ಬೇಕು ಅನ್ನೋದು ಹೊಳೆದದ್ದು. ವಾಷಿಂಗ್ಟನ್ನಿನ ಕೌದಿಯಲ್ಲಿರೋದು ನಿಜವಾದ ಹೆಸರು. ರಸೆಲ್‌ನ ನಾಟಕದಲ್ಲಿರೋದು ಕಟ್ಟಿದ ಪಾತ್ರಗಳು. ಆ ಔಷಧಿ ಅಂಗಡಿಯವ ಯಾರೋ ಒಬ್ಬ ಇಲ್ಲದ ಸೈನಿಕನಾಗಿ ಮಾತಾಡಿದ, ನಾನು ನನ್ನ ಮಾವನಿಗಾಗಿ ಅತ್ತೆ. ಪಕ್ಕದಲ್ಲಿದ್ದ ಮುದುಕಿ ಯಾರಿಗಾಗಿ ಅತ್ತಳೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಆಕೆಯೂ ಕೇಳಲಿಲ್ಲ. ಖಾಸಿಮನ ಪದ ಕೇಳಿ ಅತ್ತಿ ಅತ್ತಾಗಲೂ ಯಾಕೆ ಅಳ್ತೀ ಅಂತ ಊರಲ್ಲಿ ಯಾರೂ ಕೇಳಲಿಲ್ಲವಲ್ಲ, ಹಾಗೇ. ಸಾಕ್ಷ್ಯಚಿತ್ರಕ್ಕೆ, ವರದಿಗೆ, ಅಂಕಿಅಂಶಕ್ಕೆ ಇದು ಸಾಧ್ಯವಿಲ್ಲ. ಅವಕ್ಕೆ ನಿಜ ಬೇಕು. ನಾಟಕ ಮಾತ್ರ ಬೇರೆಯವರ ಹೆಸರಿನಲ್ಲಿ ನಮ್ಮವರಿಗಾಗಿ ಅಳೋಕೆ ಒಂದು ಮರೆ ಕೊಡುತ್ತೆ.

ಇದು ಕನಸಿನ ಮಾತೇನೂ ಅಲ್ಲ. ಜಮಖಂಡಿಯಿಂದ ಕೆಲವು ತಾಸು ಬಸ್ಸಿನಲ್ಲಿ ಹೋದರೆ ಸಾಂಗ್ಲಿ. ಅಲ್ಲಿ ‘ಸಂಗ್ರಾಮ’ ಸಂಸ್ಥೆಯ ಜೊತೆ ಬೆಳೆದ, ಲೈಂಗಿಕ ಕಾರ್ಯಕರ್ತೆಯರದೇ ಆದ ‘ವ್ಯಾಂಪ್’ ಸಂಘಟನೆ ಇದೆ. ಮರಾಠಿ ರಂಗಕರ್ಮಿ ಸುಷಮಾ ದೇಶಪಾಂಡೆ ಜೊತೆ ಸೇರಿ ಆ ಹೆಣ್ಣುಮಕ್ಕಳು ತಮ್ಮ ಬದುಕನ್ನೇ ನಾಟಕ ಮಾಡಿ ತಾವೇ ಆಡಿದರು. ‘ಮೈ ಮದರ್, ದ ಘರವಾಲಿ, ಹರ್ ಮಾಲಕ್, ಹಿಸ್ ವೈಫ್’ ಅಂತ ಅದರ ಹೆಸರು. ಸಾಂಗ್ಲಿ, ನಿಪ್ಪಾಣಿ ಕಡೆಯ ಆ ಓಣಿಗಳಲ್ಲಿ ನಮ್ಮ ಕನ್ನಡ ಆಡುವ ಹೆಣ್ಣುಮಕ್ಕಳೂ ಇದ್ದಾರೆ. ನಮ್ಮ ಬೀದಿ ನಾಟಕದಲ್ಲಿ ಗಂಡಸೊಬ್ಬ ತುಟಿಗೆ ಕೆಂಪು ಮೆತ್ತಿಕೊಂಡು ‘ಆ ಹೆಂಗಸು’ ಆಗಿದ್ದ. ಇಲ್ಲಿ ಆ ಹೆಂಗಸೇ ಎದ್ದು ನಿಂತು ನನ್ನ ಮನೆ, ನನ್ನ ಮಾಲಕ, ನನ್ನ ಮಕ್ಕಳು ಅಂತ ಮಾತಾಡಿದಳು. ಅದು ಸತ್ತವರ ನಾಟಕವಲ್ಲ ನಿಜ. ಆದರೆ ಯಾರ ಬಾಯಲ್ಲಿ ಮಾತು ಬರಬೇಕು ಅನ್ನೋದಕ್ಕೆ ಉತ್ತರ ಅಲ್ಲಿದೆ. ನಮ್ಮ ಜಿಲ್ಲೆಯಲ್ಲೂ ಇಂಥ ಹೆಣ್ಣುಮಕ್ಕಳು ಕಟ್ಟಿಕೊಂಡ ‘ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ’ ಇದೆ. ಅದರ ಹೆಸರಲ್ಲಿರೋದೂ ತಡೆಗಟ್ಟುವ ಕೆಲಸವೇ. ತಡೆಯಲಾಗದೆ ಹೋದವರಿಗಾಗಿ ಒಂದು ರಾತ್ರಿ ಎತ್ತಿಡುವ ಕೆಲಸವನ್ನು ಅವರೊಬ್ಬರ ಮೇಲೆ ಹಾಕೋದು ನ್ಯಾಯ ಅಲ್ಲ. ಅದು ಊರಿನ ಕೆಲಸ.

ನಿಮಗೆ ಇನ್ನೊಂದು ಮಾತು ಹೇಳಿಬಿಡಬೇಕು. ಈ ಬರಹದಲ್ಲೂ ನಾನು ಅದೇ ಮರೆ ಹಿಡಿದಿದ್ದೇನೆ. ಮಾವ ಅಂದಿದ್ದೇನೆ, ಲಾರಿ ಅಂದಿದ್ದೇನೆ, ಹಿತ್ತಲ ಕೋಣೆ ಅಂದಿದ್ದೇನೆ. ಇವುಗಳಲ್ಲಿ ಒಂದೆರಡು ಬೇರೆ ಇವೆ. ಯಾವುವು ಅಂತ ಹೇಳಲ್ಲ. ನಾನು ನಕ್ಕದ್ದು ಮಾತ್ರ ಹಾಗೇ ಇದೆ.

*

ನಮ್ಮ ಮನೆಯಲ್ಲಿ ಆಯಿ ಹೊಲಿದ ಏಳು ಕೌದಿ ಇವೆ. ನಮ್ಮ ಕಡೆ ಸತ್ತವರ ಬಟ್ಟೆ ಕೌದಿ ಸೇರುತ್ತೆ. ಅಜ್ಜನ ಧೋತರ, ದೊಡ್ಡವ್ವನ ಇಳಕಲ್ ಸೀರೆ, ಎರಡು ವರ್ಷಕ್ಕೇ ಹೋದ ನನ್ನಕ್ಕನ ಲಂಗ, ಎಲ್ಲ ಅದರಲ್ಲಿವೆ. ಚಳಿಗಾಲದಲ್ಲಿ ಹೊದ್ದು ಮಲಗಿದಾಗ ಆಯಿ ಬೆರಳಿಟ್ಟು ಇದು ಅವರದು, ಇದು ಇವರದು ಅಂತ ತೋರಿಸ್ತಿದ್ದಳು. ಅಮೆರಿಕದಿಂದ ಬಂದ ಮೇಲೆ ಏಳೂ ಕೌದಿ ತೆಗೆದು ಹುಡುಕಿದೆ. ಮಾವನ ಬಟ್ಟೆಯ ಒಂದು ಚೂರೂ ಇಲ್ಲ. ಹಾಸಿಗೆ, ಅಂಗಿ, ಲುಂಗಿ, ಟವೆಲ್ಲು ಎಲ್ಲವನ್ನೂ ಊರ ಹೊರಗೆ ಒಯ್ದು ಸುಟ್ಟಿದ್ದರು. ಬಟ್ಟೆಯಿಂದ ಈ ರೋಗ ಬರಲ್ಲ ಅಂತ ನಾಟಕದ ಡಾಕ್ಟರು ಆ ಸಂಜೆ ಮೈಕಿನಲ್ಲೇ ಹೇಳಿದ್ದರು. ಆದರೆ ಜನ ತಲೆಯಲ್ಲಿ ಇಟ್ಟುಕೊಂಡು ಹೋದದ್ದು ಡಾಕ್ಟರನ್ನಲ್ಲ, ರಾಕ್ಷಸನನ್ನ.

ಒಮ್ಮೆ ಮೊಹರಮ್‌ಗೆ ಊರಿಗೆ ಹೋದಾಗ ಅತ್ತಿಗೆ ಆ ನಾಟಕದ ಬಗ್ಗೆ ಹೇಳಿದೆ. ಕೌದಿ, ಹಾಡು, ಸತ್ತವರು ಬಂದು ಮಾತಾಡೋದು, ಬಾಗಿಲಲ್ಲಿ ಹೆಸರು ಬರೆದದ್ದು. ಆಕೆ ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡಳು. ಈ ರೋಗದ ಹೆಸರನ್ನು ನಮ್ಮಿಬ್ಬರ ನಡುವೆ ಯಾರೂ ಯಾವತ್ತೂ ಎತ್ತಿರಲಿಲ್ಲ. ಅವತ್ತೂ ಎತ್ತಲಿಲ್ಲ, ‘ಆ ಬ್ಯಾನಿ’ ಅಂದೆ ಅಷ್ಟೇ.

“ಅಲ್ಲಿ ಮಂದಿ ರೊಕ್ಕಾ ಕೊಟ್ಟು ಅಳಾಕ ಬರ್ತಾರೇನೋ ತಮ್ಮಾ?” ಅಂದಳು.

“ಹೌದತ್ತಿ. ಟಿಕೀಟ ತಗೊಂಡು ಬರ್ತಾರ.”

“ಛಲೋ ಬಿಡು. ನಮಗ ಇಲ್ಲಿ 
ಪುಕ್ಕಟ ಅಳಾಕೂ ಬಿಡಲಿಲ್ಲ.”

ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಾನೇ ಶುರು ಮಾಡಿದಳು. “ನಿಮ್ಮ ಮಾವಗ ಪಾರಿಜಾತದಾಗ ದೂತಿ ಪಾರ್ಟ ಮಾಡೂದಂದ್ರ ಜೀವಾ. ಯಾರೂ ಕೊಡಲಿಲ್ಲ, ಮೀಸಿ ತಗಿ ಅಂದ್ರ ಒಲ್ಲೆ ಅಂತಿದ್ದರು. ಲಾರಿಯೊಳಗ ಕ್ಲೀನರ್‌ನ ಕೃಷ್ಣನ ಮಾಡಿ, ತಾವು ದೂತಿ ಆಗಿ, ಗುಜರಾತ ಮುಟ್ಟೂ ತನಕ ಆಡಿಕೋತ ಹೋಗತಿದ್ದರಂತ. ಆ ಕ್ಲೀನರ್ ಬಂದು ಹೇಳಿ ಹೇಳಿ ನಗತಿದ್ದ.”

ಆಕೆಯೂ ನಕ್ಕಳು. ನಾನೂ ನಕ್ಕೆ. ಮಾವ ಸತ್ತು ಹದಿನಾರು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವನ ಬ್ಯಾನಿಯದಲ್ಲದ, ಅವನದೇ ಆದ ಒಂದು ಮಾತನ್ನು ನಮ್ಮ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು.